ಗಾಳ ಹಿಡಿದು ಹೊಯ್ಸಳ ನಾಡಿಗೆ

ಬೇಲೂರು ಹಳೇಬೀಡುಗಳಿಗೆ ಪ್ರವಾಸ ಹೊರಡುವವರು ಸಾಮಾನ್ಯವಾಗಿ ಕಲ್ಲನ್ನು ನೋಡಲು ಹೊರಡುತ್ತಾರೆ. ಅರಸೀಕೆರೆಯಲ್ಲಿ ರೈಲಿನಿಂದ ಇಳಿದು, ಜಾವಗಲ್ಲಿನ ಮಾರ್ಗವಾಗಿ ಹಳೇಬೀಡನ್ನು ಸೇರಿ, ಅಲ್ಲಿಂದ ೧೬ ಕಿಲೋಮೀಟರು ದೂರದ ಬೇಲೂರನ್ನು ಕಂಡು, ಮದನಿಕೆಯರ ಚೆಲುವನ್ನು ಕೊಂಡಾಡುತ್ತ ಹಿಂದಿರುಗುತ್ತಾರೆ. ೨೦೨೩ರಲ್ಲಿ ಯುನೆಸ್ಕೊ ಸಂಸ್ಥೆ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲಂತೂ ಈ ದಾರಿಯಲ್ಲಿ ಜನಸಂದಣಿ ಹೆಚ್ಚಿದೆ. ಆದರೆ ಇದೇ ದಾರಿಯಲ್ಲಿ ನೀರನ್ನು ನೋಡಲು ಹೊರಡುವವರು ವಿರಳ. ಹೊಯ್ಸಳರ ಮೂಲಸ್ಥಾನವೆನ್ನುವ ಸೊಸೆವೂರು, ಈಗಿನ ಅಂಗಡಿ, ಮೂಡಿಗೆರೆ ತಾಲ್ಲೂಕಿನ ಮಲೆಗಳಲ್ಲಿದೆ. ಹೇಮಾವತಿ ಹುಟ್ಟುವುದೂ ಆ ತಾಲ್ಲೂಕಿನಲ್ಲಿಯೇ. ಮಲೆಯಿಂದ ಇಳಿದ ಈ ಅರಸರು ಮೊದಲು ಯಗಚಿಯ ದಡದ ಬೇಲೂರಿಗೂ, ಬಳಿಕ ದೊಡ್ಡ ಕೆರೆಯ ದೋರಸಮುದ್ರಕ್ಕೂ ಬಂದು ನೆಲಸಿದರು. ಅವರು ನಡೆದು ಬಂದ ಹಾದಿ ಹೊಳೆಗಳ ಹಾದಿ.

ಗಾಳದ ಕೋಲೊಂದನ್ನು ಜೊತೆಗಿಟ್ಟುಕೊಂಡು ಈ ಹಾದಿಯಲ್ಲಿ ನಾಲ್ಕೈದು ದಿನ ಸುತ್ತಿ ಬರಬೇಕೆಂದು ಒಬ್ಬರು ಯೋಜನೆ ಹಾಕಿದರೆನ್ನಿ. ಅವರಿಗೆ ದಾರಿಯಲ್ಲಿ ಯಾವ ಚರಿತ್ರೆ ಎದುರಾದೀತು? ಗಾಳದ ಬೇಟೆ ಬಿಳಿಯರು ನಮಗೆ ಕಲಿಸಿಹೋದ ಹವ್ಯಾಸವೆಂಬ ಭಾವನೆ ಓದಿದವರಲ್ಲಿ ಬೇರೂರಿದೆ. ಬಿದಿರುಕೋಲು ಹಿಡಿದು ಕೆರೆಯ ಏರಿಯ ಮೇಲೆ ಕೂತ ಹುಡುಗನನ್ನು ಕಂಡವರು ಅದಕ್ಕೂ ಒಂದು ಶಾಸ್ತ್ರವಿತ್ತೆಂದು ನಂಬಲಾರರು. ಶಾಸ್ತ್ರವಿತ್ತು, ಅದೂ ಒಬ್ಬ ಕನ್ನಡ ಚಕ್ರವರ್ತಿಯ ಹೆಸರಿನಲ್ಲಿ.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು ಕ್ರಿ. ಶ. ೧೧೧೭ರಲ್ಲಿ. ಪ್ರತಿಷ್ಠೆ ಮಾಡಿಸಿದ ವಿಷ್ಣುವರ್ಧನನು ಅದಕ್ಕೆ ತುಸು ಮುನ್ನ ಚೋಳರಿಂದ ತಲಕಾಡನ್ನು ಗೆದ್ದವನು. ಪರಾಕ್ರಮಿಯಾದರೂ ಕಲ್ಯಾಣದ ಚಾಲುಕ್ಯರಿಗೆ ಮಹಾಮಂಡಲೇಶ್ವರನಾಗಿ ನಡೆದುಕೊಳ್ಳಬೇಕಾದವನು. ಆ ಕಲ್ಯಾಣದ ಸಿಂಹಾಸನವನ್ನು ಆರನೆಯ ವಿಕ್ರಮಾದಿತ್ಯನ ತರುವಾಯ ಅವನ ಮಗ ಮೂರನೆಯ ಸೋಮೇಶ್ವರನು ಏರಿದನು. ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳ ಈ ದೊರೆ ಕತ್ತಿಗಿಂತ ಲೇಖನಿಯನ್ನು ಹೆಚ್ಚು ಪ್ರೀತಿಸಿದವನು. ೧೧೨೯ರ ಸುಮಾರಿನಲ್ಲಿ, ಎಂದರೆ ಬೇಲೂರಿನ ಗುಡಿಗೆ ಇನ್ನೂ ಹನ್ನೆರಡು ವರ್ಷ ತುಂಬಿದ್ದಾಗ, ಅವನ ಹೆಸರಿನಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥ ಸಿದ್ಧವಾಯಿತು. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಇದರ ಇನ್ನೊಂದು ಹೆಸರು. ಮೈಸೂರಿನ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದರ ಮೊದಲ ಭಾಗ ೧೯೨೬ರಲ್ಲಿ ಅಚ್ಚಾಯಿತು.

ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ, ಒಟ್ಟು ನೂರು ಅಧ್ಯಾಯಗಳಲ್ಲಿ ಹರಡಿಕೊಂಡಿರುವ ಈ ಗ್ರಂಥದಲ್ಲಿ ರಾಜನೀತಿಯಿದೆ, ಅಡಿಗೆಯಿದೆ, ಸಂಗೀತವಿದೆ, ಚಿತ್ರಕಲೆಯಿದೆ. ನಾಲ್ಕನೆಯ ವಿಂಶತಿಯಲ್ಲಿ ಅರಸನ ವಿನೋದಗಳ ವರ್ಣನೆ ಬರುತ್ತದೆ. ಆನೆ ಕುದುರೆಗಳ ವಿನೋದ, ಮಲ್ಲರ ಕಾಳಗ, ಕೋಳಿಯ ಅಂಕ, ಗಿಡುಗನ ಬೇಟೆ ಇವುಗಳ ನಡುವೆ ‘ಮತ್ಸ್ಯವಿನೋದ’ವೆಂಬ ಒಂದು ಅಧ್ಯಾಯವಿದೆ. ಗಾಳ ಹಾಕಿ ಮೀನು ಹಿಡಿಯುವ ಬಗೆಯನ್ನು ಕ್ರಮವಾಗಿ ಹೇಳುವ ಅಧ್ಯಾಯ ಅದು. ಮೀನುಗಳ ಶಾಸ್ತ್ರದಲ್ಲಿ ಹೆಸರಾಂತ ವಿದ್ವಾಂಸರಾದ ಡಾ. ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ಕುರಿತು ಲೇಖನ ಬರೆದು ವಿಜ್ಞಾನಿಗಳ ಗಮನವನ್ನು ಸೆಳೆದರು.

ಆ ಅಧ್ಯಾಯದಲ್ಲಿ ಇರುವುದೇನು? ಕಡಲಿನವು, ಸಿಹಿನೀರಿನವು, ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದು ಮೀನುಗಳ ವಿಂಗಡಣೆ, ಸುಮಾರು ೩೫ ಬಗೆಗಳ ಹೆಸರು, ಗುಣ, ಗಾತ್ರ, ನಾರಿನಿಂದ ಹುರಿ ಹೊಸೆಯುವ ಕ್ರಮ, ಬಿದಿರಿನ ಕೋಲು, ಗಾಳ. ಆದರೆ ಗ್ರಂಥಕಾರನು ವಿಶೇಷವಾಗಿ ಗಮನವಿಟ್ಟಿರುವುದು ಮೀನಿನ ಊಟದ ಮೇಲೆ. ಯಾವ ಜಾತಿಗೆ ಹಿಟ್ಟಿನ ಉಂಡೆ, ಯಾವುದಕ್ಕೆ ಎಳ್ಳು, ಯಾವುದಕ್ಕೆ ಅನ್ನ, ಯಾವುದಕ್ಕೆ ಮಾಂಸ ಎಂಬುದನ್ನು ಅರಿತು ಉಣಿಸಬೇಕೆಂದು ಅವನ ಮತ. ಉಣಿಸಬಲ್ಲವನು ಮಾತ್ರ ಹಿಡಿಯಬಲ್ಲನೆಂಬುದು ಈ ಶಾಸ್ತ್ರದ ತಿರುಳು. ಹಿಡಿದ ಮೇಲಿನ ಮಾತು ಬೇರೆ ಕಡೆಯಿದೆ: ಅನ್ನಭೋಗವನ್ನು ವಿವರಿಸುವ ಅಧ್ಯಾಯದಲ್ಲಿ ಮೀನಿನ ಅಡಿಗೆಯೂ ಬರುತ್ತದೆ.

ಪಶ್ಚಿಮದ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ಹಕ್ಕಿಯ ಗರಿಯನ್ನು ಗಾಳಕ್ಕೆ ಕಟ್ಟಿ, ನೊಣದಂತೆ ತೋರಿಸಿ, ನೀರಿನ ಮೇಲೆ ಹಾರಿಸಿ ಮೀನನ್ನು ಮರುಳುಗೊಳಿಸುವ ವಿದ್ಯೆ ಅಲ್ಲಿ ಬಹು ಹಳೆಯದು. ಮ್ಯಾಸಿಡೋನಿಯದ ಹೊಳೆಯೊಂದರಲ್ಲಿ ಜನರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಸಿಕ್ಕಿಸಿ ಮೀನು ಹಿಡಿಯುತ್ತಿದ್ದರೆಂದು ಕ್ರಿ. ಶ. ಸುಮಾರು ೨೦೦ರಲ್ಲಿ ಈಲಿಯನ್ ಎಂಬ ಲೇಖಕ ಬರೆದಿದ್ದಾನೆ. ಆದರೆ ಗಾಳದ ಬೇಟೆಯನ್ನು ಕುರಿತ ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾದದ್ದು ೧೪೯೬ರಲ್ಲಿ. ಜೂಲಿಯಾನ ಬರ್ನರ್ಸ್ ಎಂಬ ಸನ್ಯಾಸಿನಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಐಸಾಕ್ ವಾಲ್ಟನ್ನನ ಪ್ರಸಿದ್ಧ ಗ್ರಂಥ ಬಂದದ್ದು ೧೬೫೩ರಲ್ಲಿ. ಕಲ್ಯಾಣದ ಅರಸನ ಅಧ್ಯಾಯ ಆ ಸನ್ಯಾಸಿನಿಯ ಪ್ರಬಂಧಕ್ಕಿಂತ ಮೂರೂವರೆ ಶತಮಾನಕ್ಕೂ ಮಿಕ್ಕಿ ಹಿಂದಿನದು. ಹುಸಿನೊಣದ ವಿದ್ಯೆ ಅವರದು. ಊಟವಿಟ್ಟು ಕಾಯುವ ವಿದ್ಯೆ ನಮ್ಮದು.

ಈಗ ಪ್ರವಾಸಕ್ಕೆ ಬರೋಣ. ಅರಸೀಕೆರೆಯಲ್ಲಿ ದೊಡ್ಡ ನದಿಯಿಲ್ಲ. ಹೆಸರೇ ಹೇಳುವಂತೆ ಅದು ಅರಸಿಯ ಕೆರೆಯ ಊರು. ೧೨೨೦ರ ಸುಮಾರಿನ ಈಶ್ವರ ದೇವಾಲಯ ಅಲ್ಲಿಯ ಹೊಯ್ಸಳ ವೈಭವಕ್ಕೆ ಸಾಕ್ಷಿ. ಈ ಬಯಲುನಾಡಿನಲ್ಲಿ ಮೀನೆಂದರೆ ಕೆರೆಯ ಮೀನು: ಕೊರವ, ಗೆಂಡೆ ಮುಂತಾದುವು. ಕೆರೆಯನ್ನು ಕಾಪಾಡುವವನಿಗೆ ಕೆರೆಗೊಡಗೆಯೆಂದು ಭೂಮಿ ಬಿಡುತ್ತಿದ್ದ ನಮ್ಮ ಹಿರಿಯರು ಭತ್ತದ ಜೊತೆಗೆ ಅರಿಯದೆಯೇ ಮೀನನ್ನೂ ಕಾಪಾಡಿದರು. ಅಲ್ಲಿಂದ ಪಡುವಣಕ್ಕೆ ಸಾಗಿದಂತೆಲ್ಲ ಮಳೆ ಹೆಚ್ಚುತ್ತದೆ. ಸಕಲೇಶಪುರದ ಮಳೆ ಅರಸೀಕೆರೆಯ ಮಳೆಯ ಮೂರು ಪಟ್ಟಿಗೆ ಕಡಿಮೆಯಿಲ್ಲ. ರಾಗಿಯ ಹೊಲ ಹೋಗಿ ಭತ್ತದ ಗದ್ದೆ, ಗದ್ದೆ ಹೋಗಿ ಕಾಫಿಯ ತೋಟ ಬರುವಷ್ಟರಲ್ಲಿ, ನಿಂತ ನೀರು ಹೋಗಿ ಹರಿಯುವ ನೀರು ಬಂದಿರುತ್ತದೆ.

ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗುಡಿಯ ತಳಪಟ್ಟಿಕೆಗಳಲ್ಲಿ ಆನೆ, ಸಿಂಹ, ಕುದುರೆಗಳ ಸಾಲುಗಳ ಮೇಲೆ ಮಕರಗಳ ಸಾಲೊಂದು ಗುಡಿಯನ್ನು ಸುತ್ತುವರಿದಿದೆ. ಮಕರ ನಿಜವಾದ ಮೀನಲ್ಲ, ಶಿಲ್ಪಿಯ ಕಲ್ಪನೆ. ಆದರೂ ನೀರಿಗೆ ಆ ಗುಡಿಯಲ್ಲಿ ಒಂದು ಸಾಲು ಮೀಸಲಾಗಿತ್ತೆಂಬುದನ್ನು ನೆನಪಿಡಬಹುದು. ಬೇಲೂರಿನಲ್ಲಿ ಯಗಚಿ ಹರಿಯುತ್ತದೆ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟುವ ಈ ಹೊಳೆಗೆ ಬೇಲೂರಿನ ಹತ್ತಿರವೇ ೨೦೦೧ರಲ್ಲಿ ಅಣೆಕಟ್ಟು ಪೂರ್ಣವಾಯಿತು. ಅದು ಹೋಗಿ ಸೇರುವ ಹೇಮಾವತಿಗೆ ಗೊರೂರಿನಲ್ಲಿ ೧೯೭೯ರಲ್ಲಿಯೇ ಅಣೆಕಟ್ಟಾಗಿತ್ತು. ಎರಡರಿಂದಲೂ ರೈತನಿಗೆ ಉಪಕಾರವಾಗಿದೆ. ಆದರೆ ಮಳೆಗಾಲದ ಕೆಂಪುನೀರಿನಲ್ಲಿ ಪ್ರವಾಹಕ್ಕೆದುರಾಗಿ ಏರಿ, ಜಲ್ಲಿಯ ತಳದ ಮೇಲ್ಹೊಳೆಗಳಲ್ಲಿ ಮೊಟ್ಟೆಯಿಡುವ ಮೀನಿಗೆ ಕಟ್ಟೆಯೆಂದರೆ ಮುಚ್ಚಿದ ಬಾಗಿಲು. ಹೀಗೆ ಏರುವ ಮೀನನ್ನು ಮಲೆನಾಡಿನವರು ಹತ್ತುಮೀನೆಂದು ಕರೆಯುತ್ತಾರೆ. ಗದ್ದೆಯ ತೂಬಿನಲ್ಲಿ ಬಿದಿರಿನ ಕೂಣಿಯಿಟ್ಟು ಹಿಡಿಯುತ್ತಾರೆ. ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು ೨೦೦೭ರಲ್ಲಿ ತೀರಿಕೊಂಡರು. ಗಾಳ ಹಾಕುವುದರಲ್ಲಿ ಅವರಿಗಿದ್ದ ಆಸಕ್ತಿ ಓದುಗರಿಗೆ ತಿಳಿದದ್ದೇ.

ಸಕಲೇಶಪುರದ ಏಣಿನ ಮೇಲೆ ನಿಂತರೆ ನೀರು ಎರಡಾಗುತ್ತದೆ. ಮೂಡಲಿಗೆ ಬಿದ್ದ ಮಳೆ ಹೇಮಾವತಿಯಾಗಿ ಕಾವೇರಿಯನ್ನು ಸೇರುತ್ತದೆ. ಪಡುವಲಿಗೆ ಬಿದ್ದದ್ದು ಕುಮಾರಧಾರೆ ನೇತ್ರಾವತಿಗಳಾಗಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ಪಡುವಣ ನೀರನ್ನು ಮೂಡಲಿಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ ೨೦೨೪ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಎಂಬ ನಾಲ್ಕು ಹಳ್ಳಗಳಿಂದ ೨೪ ಟಿ. ಎಂ. ಸಿ. ನೀರನ್ನು ಬಯಲುಸೀಮೆಗೆ ಒಯ್ಯುವುದು ಅದರ ಗುರಿ. ಬಾಯಾರಿದ ನಾಡಿಗೆ ನೀರು ಬೇಕು, ಅದರಲ್ಲಿ ವಾದವಿಲ್ಲ. ಆದರೆ ಮೀನು ಮೊಟ್ಟೆಯಿಡುವುದು ಇಂಥ ಸಣ್ಣ ಹಳ್ಳಗಳಲ್ಲಿಯೇ ಎಂಬುದನ್ನು ಲೆಕ್ಕದಲ್ಲಿ ಸೇರಿಸಬೇಕಾಗಿದೆ.

ಘಟ್ಟದ ಕೆಳಗಿನ ನಾಡಿಗೆ ಗಾಳದ ಚರಿತ್ರೆಯಲ್ಲಿ ಇನ್ನೊಂದು ಸ್ಥಾನವಿದೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿ ಇಲ್ಲಿಯ ಹೊಳೆಗಳಲ್ಲಿ ಗಾಳ ಹಾಕಿ ಪಳಗಿದವನು. ‘ದಿ ರಾಡ್ ಇನ್ ಇಂಡಿಯ’ ಎಂಬ ಅವನ ಗ್ರಂಥ ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಭಾರತದ ಗಾಳಗಾರರಿಗೆ ಬಹುಕಾಲ ಅದೇ ಕೈಪಿಡಿಯಾಗಿತ್ತು. ೧೮೮೭ರಲ್ಲಿ ಅವನು ಕೆರೆಗಳ ಗಾಳವನ್ನು ಕುರಿತೂ ಒಂದು ಪುಸ್ತಕ ಬರೆದನು. ಅರಸೀಕೆರೆಯಂಥ ಕೆರೆನಾಡಿಗೆ ಒಪ್ಪುವ ವಿಷಯ ಅದು. ಗರಿಯ ಹುಸಿನೊಣ ಯೂರೋಪಿನಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನಿಗಾಗಿ ಬೆಳೆದ ಉಪಾಯ. ನಮ್ಮ ಘಟ್ಟದ ಹೊಳೆಗಳಲ್ಲಿ ಟ್ರೌಟ್ ಇಲ್ಲ. ನೀಲಗಿರಿಯ ಚಳಿಯಲ್ಲಿ ಅದನ್ನು ತಂದು ಸಾಕಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ನಮ್ಮಲ್ಲಿ ಅದರ ಜಾಗದಲ್ಲಿ ಇದ್ದದ್ದು ಮಹಶೀರ್. ಕಾವೇರಿಯ ದಡದವರು ಬಿಳಿಮೀನೆಂದು ಕರೆಯುವ, ಅಂಗೈಯಗಲದ ಹುರುಪೆಗಳ, ಗಾಳ ಕಚ್ಚಿದೊಡನೆ ನೂರಾರು ಅಡಿ ಹುರಿಯನ್ನು ಎಳೆದೊಯ್ಯುವ ಬಲಶಾಲಿ ಅದು.

ಥಾಮಸನ ಹೆಸರು ಉಳಿಯಬೇಕಾದದ್ದು ಅವನು ಹಿಡಿದ ಮೀನಿಗಾಗಿ ಮಾತ್ರವಲ್ಲ. ಹೊಳೆಗೆ ವಿಷ ಹಾಕುವುದು, ಸಿಡಿಮದ್ದು ಎಸೆಯುವುದು, ಮರಿಯೂ ನುಸುಳದ ಸಣ್ಣ ಕಣ್ಣಿನ ಬಲೆ ಒಡ್ಡುವುದು ಇವುಗಳಿಂದ ಮೀನಿನ ಸಂತಾನವೇ ಅಳಿಯುತ್ತದೆಂದು ಎಚ್ಚರಿಸಿದವರಲ್ಲಿ ಅವನು ಮೊದಲಿಗರ ಸಾಲಿನವನು. ಇಂಥ ಎಚ್ಚರಿಕೆಗಳ ಫಲವಾಗಿ ೧೮೯೭ರಲ್ಲಿ ಭಾರತದ ಮೀನುಗಾರಿಕೆಯ ಕಾಯಿದೆ ಬಂದು, ವಿಷ ಮತ್ತು ಸಿಡಿಮದ್ದುಗಳ ಬಳಕೆ ಅಪರಾಧವಾಯಿತು. ಆದರೂ ಎರಡೂ ಪೂರ್ತಿಯಾಗಿ ನಿಂತಿಲ್ಲವೆಂಬುದು ಹೊಳೆಯ ದಡದವರಿಗೆಲ್ಲ ಗೊತ್ತು.

ಕಾಯಿದೆ ಬರುವುದಕ್ಕೆ ಎಷ್ಟೋ ಹಿಂದೆ ಜನರೇ ಮಾಡಿಕೊಂಡ ಕಟ್ಟುಪಾಡೊಂದಿತ್ತು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮತ್ಸ್ಯತೀರ್ಥದಲ್ಲಿ, ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿ ಮೀನುಗಳನ್ನು ದೇವರವೆಂದು ಬಿಟ್ಟಿದ್ದಾರೆ. ಅಲ್ಲಿ ಬಲೆಯಿಲ್ಲ, ಗಾಳವಿಲ್ಲ. ಬಂದ ಭಕ್ತರು ಮಂಡಕ್ಕಿಯನ್ನೋ ಅನ್ನವನ್ನೋ ಎರಚುತ್ತಾರೆ. ಮೊಳದುದ್ದದ ಮೀನುಗಳು ಕಾಲಬಳಿ ಮುಗಿಬೀಳುತ್ತವೆ. ಸೋಮೇಶ್ವರನ ಶಾಸ್ತ್ರದ ಮೊದಲರ್ಧ ಅಲ್ಲಿ ನಡೆಯುತ್ತದೆ, ಎರಡನೆಯ ಅರ್ಧ ನಡೆಯುವುದಿಲ್ಲ. ಉಣಿಸುವ ಕೈ ಒಂದೇ. ಗಾಳವನ್ನು ಹಿಡಿಯುವುದೋ ಬಿಡುವುದೋ ಎಂಬುದರಲ್ಲಿ ಮಾತ್ರ ಭೇದ. ಭಕ್ತಿಯ ಹೆಸರಿನ ಈ ಮೀಸಲು ಮಡುಗಳಲ್ಲಿ ತಾಯಿಮೀನುಗಳು ಉಳಿದುಕೊಂಡವು. ಮಳೆಗಾಲದಲ್ಲಿ ಅವು ಮೇಲಕ್ಕೂ ಕೆಳಕ್ಕೂ ಸಂಚರಿಸಿ ಮಿಕ್ಕ ಹೊಳೆಗೂ ಸಂತಾನವನ್ನು ಒದಗಿಸುವ ಅವಕಾಶ ಉಳಿಯಿತು.

ಈ ಕಾವಲೂ ಮುರಿಯಬಲ್ಲದು. ೧೯೯೬ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಬೆರೆಸಿದರು. ಸಾವಿರಾರು ದೇವರ ಮೀನುಗಳು ಸತ್ತು ತೇಲಿದವು. ಊರಿನವರು ಆ ಮೀನುಗಳಿಗಾಗಿ ಒಂದು ಸ್ಮಾರಕ ನಿಲ್ಲಿಸಿದರು. ವೀರರಿಗೆ ಕಲ್ಲು ನಿಲ್ಲಿಸಿದ ನಾಡಿನಲ್ಲಿ ಮೀನಿಗೂ ಒಂದು ಕಲ್ಲು ನಿಂತದ್ದು ಹೀಗೆ. ಹೊಯ್ಸಳರ ಗುಡಿಗಳನ್ನು ನೋಡಿಬಂದ ಪ್ರವಾಸಿಯು ಘಟ್ಟವಿಳಿದು ಇದನ್ನೂ ನೋಡಬೇಕು.

ಶಿಶಿಲದಿಂದ ಮತ್ತೆ ಘಟ್ಟವೇರಿ ರಾಮನಾಥಪುರಕ್ಕೆ ಬಂದರೆ ನಾವು ಕಾವೇರಿಯ ದಡದಲ್ಲಿರುತ್ತೇವೆ. ಯಗಚಿ ಹೇಮಾವತಿಗಳ ನೀರು ಕೊನೆಗೆ ಸೇರುವುದೂ ಈ ನದಿಯನ್ನೇ. ಕಾವೇರಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಇದ್ದ ಒಂದು ವಿಶೇಷ ಜಾತಿ, ಬೆನ್ನಿನ ಮೇಲೆ ಗೂನು ಇರುವ ಮಹಶೀರ್. ಜಗತ್ತಿನ ಮಹಶೀರ್‌ಗಳಲ್ಲೆಲ್ಲ ದೊಡ್ಡದು ಇದೇ. ೧೯೪೬ರಲ್ಲಿ ಮೈಸೂರಿನ ಡಿವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ ಮೀನು ೧೨೦ ಪೌಂಡು, ಎಂದರೆ ಸುಮಾರು ೫೪ ಕಿಲೋ ತೂಗಿತು. ಬೇಟೆಯ ಪ್ರಾಣಿಗಳ ಚರ್ಮಕ್ಕೆ ಜೀವಕಳೆ ತುಂಬುವ ಕೆಲಸದಲ್ಲಿ ಜಗದ್ವಿಖ್ಯಾತವಾಗಿದ್ದ ಮನೆತನ ಅವರದು. ಇಂಥ ಮೀನಿಗೆ ಕಾವೇರಿಯ ದಡದಲ್ಲಿ ಒಡ್ಡುತ್ತಿದ್ದ ಎರೆಯೇನು? ಬೇಯಿಸಿ ನಾದಿದ ರಾಗಿಯ ಮುದ್ದೆ! ಮಾನಸೋಲ್ಲಾಸದ ಹಿಟ್ಟಿನ ಉಂಡೆ ಹಳ್ಳಿಯ ಗಾಳಗಾರನ ಕೈಯಲ್ಲಿ ಎಂಟು ಶತಮಾನ ಬದುಕಿತ್ತೆಂದರೆ ತಪ್ಪಾಗದು.

ಸ್ವಾತಂತ್ರ್ಯದ ತರುವಾಯ ಈ ಮೀನು ಮರೆವಿಗೆ ಸಂದಿತ್ತು. ೧೯೭೦ರ ದಶಕದ ಕೊನೆಯಲ್ಲಿ ವಿದೇಶದ ಗಾಳಗಾರರು ಬಂದು ದೊಡ್ಡ ಮೀನು ಹಿಡಿದಾಗ ಕಾವೇರಿಯ ಹೆಸರು ಮತ್ತೆ ಪ್ರಚಾರಕ್ಕೆ ಬಂತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳು ಎದ್ದವು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತವಾಗಿ ಹೊಳೆಗೇ ಬಿಡುವುದು ಅಲ್ಲಿಯ ನಿಯಮ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರಿಗೆ ಕಾವಲುಗಾರರ, ದಾರಿತೋರುವವರ ಉದ್ಯೋಗ ಸಿಕ್ಕಿತು. ಆದರೆ ಆ ದಡಗಳು ಕಾವೇರಿ ವನ್ಯಧಾಮಕ್ಕೆ ಸೇರಿದವು. ವನ್ಯಜೀವಿ ಕಾಯಿದೆಯ ದೃಷ್ಟಿಯಲ್ಲಿ ಹಿಡಿದು ಬಿಡುವುದೂ ಬೇಟೆಯೇ ಆದಕಾರಣ ೨೦೧೨ರ ಹೊತ್ತಿಗೆ ಅಲ್ಲಿ ಗಾಳ ನಿಂತುಹೋಯಿತು. ಗಾಳ ನಿಂತರೆ ಮೀನಿಗೆ ಶಾಂತಿಯೆಂದು ಒಂದು ಪಕ್ಷ. ಗಾಳಗಾರರು ಹೋದ ಕಡೆಗೆ ಸಿಡಿಮದ್ದಿನವರು ಬರುತ್ತಾರೆಂದು ಇನ್ನೊಂದು ಪಕ್ಷ. ಎರಡರಲ್ಲಿಯೂ ನಿಜಾಂಶವುಂಟು.

ಇದಕ್ಕಿಂತ ಮುಖ್ಯವಾದ ಸಂಗತಿ ಗಾಳಗಾರರ ಲೆಕ್ಕದ ಪುಸ್ತಕಗಳಿಂದ ಹೊರಬಿತ್ತು. ಗಾಳಿಬೋರೆಯ ಶಿಬಿರದಲ್ಲಿ ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟ ಮೀನಿನ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿ, ೨೦೧೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಕಂಡದ್ದು ಇದು: ಹೊರಗಿನಿಂದ ತಂದುಬಿಟ್ಟ ನೀಲಿರೆಕ್ಕೆಯ ಮಹಶೀರ್ ವರ್ಷವರ್ಷಕ್ಕೂ ಹೆಚ್ಚುತ್ತಿತ್ತು, ಕಾವೇರಿಯದೇ ಆದ ಗೂನಿನ ಮಹಶೀರ್ ಮರಿಗಳಿಲ್ಲದೆ ಇಳಿಮುಖವಾಗಿತ್ತು. ನೀಲಿರೆಕ್ಕೆಯ ಜಾತಿಯನ್ನು ಮಹಾರಾಷ್ಟ್ರದ ಲೋಣಾವಳದಲ್ಲಿ ೧೯೭೦ರ ದಶಕದಿಂದ ಕೃತಕವಾಗಿ ಮರಿಮಾಡಿಸಿ ನದಿಗಳಿಗೆ ಹಂಚುತ್ತಿದ್ದರು. ಒಳಿತನ್ನೇ ಬಯಸಿ ಮಾಡಿದ ಕೆಲಸ ಹೀಗೆ ಇನ್ನೊಂದರ ಕುತ್ತಿಗೆಗೆ ಬಂತು. ಆಶ್ಚರ್ಯವೆಂದರೆ ಗೂನಿನ ಮೀನಿಗೆ ಅಲ್ಲಿಯವರೆಗೆ ಖಚಿತವಾದ ಶಾಸ್ತ್ರೀಯ ನಾಮವೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಮೀನಿಗೆ ೨೦೦೭ರಲ್ಲಿ ಇಟ್ಟಿದ್ದ ‘ಟಾರ್ ರೆಮಾದೇವಿ’ ಎಂಬ ಹೆಸರೇ ಇದರದೂ ಎಂದು ೨೦೧೮ರಲ್ಲಿ ನಿರ್ಧಾರವಾಯಿತು. ಅದೇ ವರ್ಷ ಅದನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿಸಲಾಯಿತು. ನಾಮಕರಣವೂ ಮರಣದ ಎಚ್ಚರಿಕೆಯೂ ಒಟ್ಟಿಗೆ ಬಂದವು.

ಇಷ್ಟು ತಿಳಿದ ಮೇಲೆ ನಮ್ಮ ಪ್ರವಾಸಿ ತನ್ನ ಯೋಜನೆಯನ್ನು ಹೀಗೆ ಹಾಕಿಕೊಳ್ಳುವುದು ಲೇಸು. ಮುಂಗಾರಿನಲ್ಲಿ ಹೊರಡಬಾರದು, ಅದು ಮೀನು ಮೊಟ್ಟೆಯಿಡುವ ಕಾಲ, ಹೊಳೆಯೂ ಅಪಾಯಕರ. ಮಳೆ ಕಳೆದು ನೀರು ತಿಳಿಯಾದ ಡಿಸೆಂಬರಿನಿಂದ ಮಾರ್ಚಿಯವರೆಗಿನ ದಿನಗಳು ಒಳ್ಳೆಯವು. ಮೊದಲ ದಿನ ಅರಸೀಕೆರೆ, ಹಳೇಬೀಡು. ಎರಡನೆಯ ದಿನ ಬೇಲೂರು, ಯಗಚಿ. ಮೂರನೆಯ ದಿನ ಮೂಡಿಗೆರೆ, ಸಕಲೇಶಪುರಗಳ ಹೇಮಾವತಿಯ ದಡ. ನಾಲ್ಕನೆಯ ದಿನ ಘಟ್ಟವಿಳಿದು ಶಿಶಿಲ. ಐದನೆಯ ದಿನ ರಾಮನಾಥಪುರ. ಶೃಂಗೇರಿಗೆ ಹೋಗುವವರು ಇನ್ನೊಂದು ದಿನ ಕೂಡಿಸಿಕೊಳ್ಳಬೇಕು. ಅಭಯಾರಣ್ಯಗಳಲ್ಲಿ ಗಾಳವನ್ನು ಹೊರತೆಗೆಯಲೇ ಕೂಡದು. ದೇವರ ಮಡುಗಳಲ್ಲಿ ಆ ಯೋಚನೆಯೂ ಸಲ್ಲದು. ಕೆರೆ ಮತ್ತು ಜಲಾಶಯಗಳಲ್ಲಿ ಮೀನಿನ ಹಕ್ಕು ಯಾರದೆಂದು ಮೀನುಗಾರಿಕೆ ಇಲಾಖೆಯಲ್ಲಿಯೂ ಊರಿನವರಲ್ಲಿಯೂ ಮೊದಲೇ ವಿಚಾರಿಸಿ ಒಪ್ಪಿಗೆ ಪಡೆಯಬೇಕು. ಗಾಳದ ಮುಳ್ಳನ್ನು ಉಜ್ಜಿ ತೆಗೆದರೆ ಹಿಡಿದ ಮೀನನ್ನು ನೋಯಿಸದೆ ಬಿಡಬಹುದು.

ಗಾಳದ ಕೋಲಿನ ಜೊತೆಗೆ ಎರಡು ವಸ್ತುಗಳು ಚೀಲದಲ್ಲಿರಲಿ. ಒಂದು, ಶಿಶಿಲದಲ್ಲಿ, ರಾಮನಾಥಪುರದಲ್ಲಿ ಎರಚಲು ಒಂದು ಪೊಟ್ಟಣ ಮಂಡಕ್ಕಿ. ಇನ್ನೊಂದು, ಕಂಡ ಮೀನು, ಹಿಡಿದ ಮೀನು, ಸ್ಥಳ, ದಿನ, ಅಳತೆ ಇವನ್ನು ಬರೆದಿಡಲು ಒಂದು ಪುಸ್ತಕ. ಕಲ್ಯಾಣದ ಅರಸನು ಮೀನುಗಳ ಹೆಸರನ್ನೂ ಊಟವನ್ನೂ ಬರೆಸಿಟ್ಟದ್ದರಿಂದ ಹನ್ನೆರಡನೆಯ ಶತಮಾನದ ನಮ್ಮ ನೀರಿನಲ್ಲಿ ಏನಿತ್ತೆಂದು ಇಂದು ಅರಿಯಬಹುದಾಗಿದೆ. ಗಾಳಿಬೋರೆಯ ಗಾಳಗಾರರು ಬರೆದಿಟ್ಟದ್ದರಿಂದ ಒಂದು ಜಾತಿ ಅಳಿಯುತ್ತಿರುವುದು ತಿಳಿಯಿತು. ಯಗಚಿಯ ಮೀನಿನ ಲೆಕ್ಕವನ್ನೂ ಹೇಮಾವತಿಯ ಮೀನಿನ ಲೆಕ್ಕವನ್ನೂ ಹೀಗೆಯೇ ಯಾರಾದರೂ ಇಡುತ್ತ ಬಂದರೆ, ಈ ಹೊಳೆಗಳಲ್ಲಿ ಏನನ್ನು ಕಳೆದುಕೊಳ್ಳುತ್ತಿದ್ದೇವೆಂಬುದು ಕಳೆದುಕೊಳ್ಳುವ ಮೊದಲೇ ನಮಗೆ ಗೊತ್ತಾದೀತು.